ಹೊಂಟಾನಂತ

ಸಂತೆಗೆ ಹೋಗುವವನನ್ನು ಆಳಂದದಲ್ಲಿ ‘ಸಂತಿಗಿ ಹೊಂಟಾನ’ ಎನ್ನುತ್ತಾರೆ. ದತ್ತನ ದರ್ಶನಕ್ಕೆ ಹೋಗುವವನು ಅಫಜಲಪುರದವರ ಬಾಯಲ್ಲಿ ‘ಗಾಣಗಾಪೂರಕ ಹೊಂಟಾನ’. ಕೋರ್ಟು ಕಚೇರಿಯ ಕೆಲಸವಿದ್ದವನನ್ನು ಜೇವರ್ಗಿಯಲ್ಲಿ ‘ಕಲಬುರ್ಗಿಗಿ ಹೊಂಟಾನ’ ಎಂದು ಮುಗಿಸಿಬಿಡುತ್ತಾರೆ. ಆದರೆ ಊರಿನ ಹೆಸರೇ ಇಲ್ಲದೆ, ದನಿಯನ್ನು ಅರ್ಧಕ್ಕಿಳಿಸಿ, ಹುಬ್ಬನ್ನು ಅಷ್ಟೇ ಮೇಲಕ್ಕೇರಿಸಿ, ಬರೇ ‘ಹೊಂಟಾನಂತ’ ಎಂದರೆ ಅದು ಫಾರಿನ್ನೇ. ಕೊನೆಯ ‘ಅಂತ’ವನ್ನು ಸಣ್ಣದೆಂದು ತಿಳಿಯಬಾರದು. ಹೇಳುವವನು ಸುದ್ದಿ ಕೊಡುತ್ತಾನೆ, ಸುದ್ದಿಯ ಹೊಣೆ ಹೊರುವುದಿಲ್ಲ. ನಾಳೆ ವೀಸಾ ಸಿಗದೆ ಹೋದರೆ ‘ನಾ ಎಲ್ಲಿ ಹೊಂಟಾನ ಅಂದೀನ್ರಿ, ಹೊಂಟಾನಂತ ಅಂದೀನಿ’ ಎನ್ನಲು ಬಾಗಿಲು ತೆರೆದೇ ಇರುತ್ತದೆ. ಹುಡುಗನಂತೂ ಆ ಕ್ರಿಯಾಪದವನ್ನೇ ಮುಟ್ಟುವುದಿಲ್ಲ. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: ‘ಪ್ರೊಸೆಸ್ ನಡದದ, ಕಾಕಾ.’ ಈ ಪ್ರೊಸೆಸ್ಸು ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ ನಡೆಯುತ್ತದೆ. ನಿಜವಾಗಿ ಹೊರಡುವುದು ಒಂದು ರಾತ್ರಿಯ ಕೆಲಸ, ಶಂಷಾಬಾದಿನ ವಿಮಾನ ನಿಲ್ದಾಣದ ಗೇಟಿನಲ್ಲಿ ಮುಗಿದುಹೋಗುತ್ತದೆ. ಹೀಗಾಗಿ ಹೋದಾಂವ ಬೇರೆ, ಹೊಂಟಾಂವ ಬೇರೆ. ಹೋದಾಂವನ ಬಗ್ಗೆ ಕನ್ನಡದಲ್ಲಿ ಕತೆ, ಕಾದಂಬರಿ, ಸಿನಿಮಾ ಎಲ್ಲ ಆಗಿವೆ. ಹೊಂಟಾಂವನನ್ನು ಮಾತ್ರ ಯಾರೂ ಸರಿಯಾಗಿ ವಿಚಾರಿಸಿಲ್ಲ.

ಅವನನ್ನು ಗುರುತಿಸುವುದು ಕಷ್ಟವಲ್ಲ. ಕಲಬುರಗಿಯಲ್ಲಿ ಎಂಜಿನಿಯರಿಂಗಿನ ಕೊನೆಯ ವರ್ಷ. ಕಂಕುಳಲ್ಲಿ ಪ್ಲಾಸ್ಟಿಕ್ಕಿನ ಫೈಲು, ಅದೂ ಒಳಗಿನ ಹಾಳೆ ಹೊರಗೆ ಕಾಣುವಂಥದ್ದು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೇಲಿನ ಹಾಳೆಯ ಇಂಗ್ಲಿಷ್ ತಲೆಬರಹ ಓದಿ, ‘ಯಾವೂರಪ್ಪಾ ನಿಂದು?’ ಎಂದು ಆರಂಭಿಸಲಿ ಎಂದೇ ಆ ಫೈಲು. ಮನೆಯಲ್ಲಿ ಅವನದು ಅಳಿಯನ ಸ್ಥಾನ. ಹೊಲಕ್ಕೆ ಹೋಗು ಎನ್ನುವಂತಿಲ್ಲ, ಹಿಟ್ಟಿನ ಗಿರಣಿಗೆ ಡಬ್ಬಿ ಹೊರಿಸುವಂತಿಲ್ಲ. ಲಗ್ನದ ಪಂಕ್ತಿಯಲ್ಲಿ ಅವನನ್ನು ಮೂಲೆಗೆ ಕೂಡಲು ಬಿಡುವುದಿಲ್ಲ, ಎಲ್ಲರಿಗೂ ಕಾಣುವ ಜಾಗಕ್ಕೆ ಎಳೆದು ತರುತ್ತಾರೆ. ಅಲ್ಲಿ ಹೋಗಿ ಉಪವಾಸ ಬೀಳಬಾರದೆಂದು ತಾಯಿ ರೊಟ್ಟಿ ಬಡಿಯಲು ಕಲಿಸುತ್ತಾಳೆ. ಜೋಳದ ಹಿಟ್ಟು ಬಿಸಿನೀರಿಗೆ ಜಿಗಿ ಬಿಡುವುದನ್ನು ನೋಡುವಷ್ಟು ಹೊತ್ತು ಹುಡುಗ ಕೂಡುತ್ತಾನೆ. ಎರಡನೆಯ ರೊಟ್ಟಿ ಹಂಚಿಗೆ ಹಾಕುವಾಗ ಕೈಯಲ್ಲೇ ಹರಿದು, ಅಮ್ಮ ಮಗ ಇಬ್ಬರೂ ಐದು ಲೀಟರಿನ ಕುಕ್ಕರಿಗೆ ರಾಜಿಯಾಗುತ್ತಾರೆ. ಒಟ್ಟಿನಲ್ಲಿ ಇಡೀ ಮನೆ ತಯಾರಿಯಲ್ಲಿ ಮುಳುಗಿರುತ್ತದೆ, ಹೊರಡುವವನೊಬ್ಬನನ್ನು ಬಿಟ್ಟು.

ಇದನ್ನೆಲ್ಲ ಕಂಡವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ಬಡಾಯಿ. ಇನ್ನೂ ಅರ್ಜಿಯೇ ಹಾಕಿಲ್ಲ, ಆಗಲೇ ಊರ ತುಂಬ ಡಂಗುರ. ನನಗೆ ಈ ತೀರ್ಪು ಅವಸರದ್ದು ಅನಿಸುತ್ತದೆ. ಹೊಂಟಾಂವನ ಸುದ್ದಿ ಬಡಾಯಿಯಂತೆ ಕಾಣುತ್ತದೆ ನಿಜ. ಆದರೆ ಅದು ಮಾಡುವ ಕೆಲಸ ಸಾಲದ ಅರ್ಜಿಯದು. ಕಂಪನಿಯವರು ಷೇರು ಮಾರುವ ಮುಂಚೆ ಪೇಪರಿನಲ್ಲಿ ಜಾಹೀರಾತು ಕೊಡುವುದಿಲ್ಲವೆ, ಹಾಗೆ. ಕಾರಣ ಈ ಮಣ್ಣಿನಲ್ಲೇ ಇದೆ, ಅಕ್ಷರಶಃ ಮಣ್ಣಿನಲ್ಲಿ. ಅಮೆರಿಕದ ಎಂ.ಎಸ್. ಎಂದರೆ ಫೀ, ಊಟ, ವಸತಿ ಕೂಡಿ ನಲವತ್ತು ಐವತ್ತು ಲಕ್ಷದ ಮಾತು. ಬ್ಯಾಂಕಿನವರು ಒತ್ತೆಯಿಲ್ಲದೆ ಸಾಮಾನ್ಯವಾಗಿ ಕೊಡುವ ಶಿಕ್ಷಣ ಸಾಲ 7.5 ಲಕ್ಷದವರೆಗೆ. ಅದರ ಮೇಲೆ ಬೇಕಾದರೆ ಆಸ್ತಿ ತೋರಿಸು ಎನ್ನುತ್ತಾರೆ. ಅಪ್ಪ ಹೆಮ್ಮೆಯಿಂದ ಹನ್ನೆರಡು ಎಕರೆ ಎರೆಹೊಲದ ಪಹಣಿ ತೆಗೆದು ಟೇಬಲ್ಲಿನ ಮೇಲೆ ಇಡುತ್ತಾನೆ. ಮ್ಯಾನೇಜರ್ ಅದನ್ನು ನೋಡಿ, ನಯವಾಗಿ ಮಡಚಿ, ತಿರುಗಿ ಕೊಡುತ್ತಾನೆ. ಬೆಳೆ ಸಾಲಕ್ಕೆ ಆಗುವ ಹೊಲ ಮಗನ ಓದಿಗೆ ಆಗುವುದಿಲ್ಲ. ಸಾಲ ಮುಳುಗಿದರೆ ಒತ್ತೆಯ ಆಸ್ತಿಯನ್ನು ಕೋರ್ಟಿಗೆ ಹೋಗದೆ ಹರಾಜು ಹಾಕಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಅದರ 31ನೆಯ ಕಲಮು ಕೃಷಿ ಜಮೀನನ್ನು ಆ ಅಧಿಕಾರದಿಂದ ಹೊರಗಿಟ್ಟಿದೆ. ರೈತನ ಹೊಲ ಉಳಿಯಲಿ ಎಂದು ಮಾಡಿದ ಒಳ್ಳೆಯ ನಿಯಮವೇ ಅದು. ಫಲ ಏನೆಂದರೆ, ತೊಗರಿ ಬೆಳೆಯುವ ಹನ್ನೆರಡು ಎಕರೆಗಿಂತ ಕಲಬುರಗಿಯ ಹೊರವಲಯದಲ್ಲಿ ಜಾಲಿ ಬೆಳೆದ ಮೂವತ್ತು–ನಲವತ್ತರ ಎನ್.ಎ., ಅಂದರೆ ಕೃಷಿಯೇತರ, ಪ್ಲಾಟಿಗೆ ಬ್ಯಾಂಕಿನಲ್ಲಿ ಹೆಚ್ಚು ಮರ್ಯಾದೆ. ಪ್ಲಾಟು ಇದ್ದವರು ಯಾರು? ಸೋದರಮಾವ. ಅವನಿಗೆ ಸುದ್ದಿ ಮುಟ್ಟದೆ ಕೆಲಸ ಹೇಗೆ ಆಗಬೇಕು?

ಸುದ್ದಿ ಎದ್ದೇಳುವ ತಿಂಗಳು ನೋಡಿದರೂ ಇದು ತಿಳಿಯುತ್ತದೆ. ಅಮೆರಿಕದ ದೊಡ್ಡ ಪ್ರವೇಶ ಆಗಸ್ಟಿನಲ್ಲಿ. ಬಡಾಯಿ ಕೊಚ್ಚುವುದೇ ಉದ್ದೇಶವಾಗಿದ್ದರೆ ಜುಲೈನಲ್ಲಿ ಟಿಕೆಟ್ಟು ಹಿಡಿದು ಕೊಚ್ಚಬಹುದಿತ್ತು. ಆದರೆ ಸುದ್ದಿ ಗರಿಗೆದರುವುದು ಡಿಸೆಂಬರ್ ಜನವರಿಯಲ್ಲಿ, ತೊಗರಿ ರಾಶಿಯಾಗಿ ಅಡತಿ ಅಂಗಡಿಗಳಲ್ಲಿ ಕಾಂಟಾ ಏಳುವ ಹೊತ್ತಿಗೆ. 2019ರಲ್ಲಿ ಭೌಗೋಳಿಕ ಸೂಚಿಯ ಪಟ್ಟ ಪಡೆದ ಕಲಬುರಗಿ ತೊಗರಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳ ನಗದು. ಬಂಧುಬಳಗದ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲ ಅದೊಂದೇ. ಅಫಜಲಪುರ, ಆಳಂದದ ಕಬ್ಬಿನವರ ಮನೆಯಲ್ಲಿ ಲೆಕ್ಕ ಸ್ವಲ್ಪ ಬೇರೆ: ಕಬ್ಬು ಹೋದ ಹದಿನಾಲ್ಕು ದಿನದಲ್ಲಿ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದೇಶ ಹೇಳುವುದನ್ನು ಬಿಟ್ಟಿಲ್ಲ, ಬೆಳೆಗಾರ ಕಾಯುವುದನ್ನೂ ಬಿಟ್ಟಿಲ್ಲ. ಅಲ್ಲಿ ಸುದ್ದಿಯೂ ಬಿಲ್ಲಿನ ಜೊತೆಗೇ ಕಂತು ಕಂತಾಗಿ ಬರುತ್ತದೆ.

ಸುದ್ದಿ ಸಾಲದ ಅರ್ಜಿಯಾದರೆ ಅದರಲ್ಲಿ ಇಷ್ಟೊಂದು ತಪ್ಪು ಯಾಕೆ ಎಂದು ಕೇಳಬಹುದು. ತಪ್ಪುಗಳಿರುವುದು ನಿಜ. ಅಮೆರಿಕದ ವಿಶ್ವವಿದ್ಯಾಲಯ ಸೀಟು ಖಾತ್ರಿ ಮಾಡಿ ಕಳಿಸುವ ಕಾಗದಕ್ಕೆ ಐ-20 ಎಂದು ಹೆಸರು. ‘ಹುಡುಗಗ ಐ-20 ಬಂದದಂತ’ ಎಂಬ ಮಾತು ಮನೆಯಿಂದ ಹೊರಬಿದ್ದು ಬಸ್ ಸ್ಟ್ಯಾಂಡಿಗೆ ಮುಟ್ಟುವಷ್ಟರಲ್ಲಿ ‘ಯಾವ ಬಣ್ಣದ್ದು? ಡೀಸಲ್ಲೋ ಪೆಟ್ರೋಲೋ?’ ಎಂದಾಗಿರುತ್ತದೆ. ಜರ್ಮನಿಗೆ ಹೊಂಟಾಂವನದು ಇನ್ನೊಂದು ಪಾಡು. ಅಲ್ಲಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬದಲಿಗೆ ಒಂದು ವರ್ಷದ ಖರ್ಚು ಮೊದಲೇ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ, ಅಂದರೆ ಹತ್ತು ಲಕ್ಷದ ಮೇಲೆಯೇ. ಅಲ್ಲಿ ಹೋದ ಮೇಲೆ ತಿಂಗಳಿಗೆ 992ರಂತೆ ಅವನದೇ ದುಡ್ಡು ಅವನಿಗೆ ಬಿಡುಗಡೆ. ಈ ವ್ಯವಸ್ಥೆ ಮುತ್ತ್ಯಾನ ಕಿವಿಗೆ ಬೀಳುವುದು ‘ಹುಡುಗನ ಅಕೌಂಟ್ ಬ್ಲಾಕ್ ಆಗ್ಯಾದಂತ, ಪಾಪ’ ಎಂದು. ಹಳೆಯ ತಲೆಗಳಿಗೆ ಅಮೆರಿಕವೂ ಜರ್ಮನಿಯೂ ಇನ್ನೂ ‘ವಿಲಾಯತ್ತೇ’, ನಿಜಾಮನ ಕಾಲದ ಶಬ್ದ. ಆದರೆ ಈ ತಪ್ಪುಗಳಲ್ಲಿ ಒಂದನ್ನೂ ಮನೆಯವರು ತಿದ್ದುವುದಿಲ್ಲ, ಗಮನಿಸಿ. ಕಾರು ತೆಗೆದುಕೊಂಡಿದ್ದಾರೆ ಎಂದು ನಂಬಿದವನು ಸಾಲ ಕೊಡಲು ಹೆದರುವುದಿಲ್ಲ. ಅಕೌಂಟ್ ಬ್ಲಾಕ್ ಆಗಿದೆ ಎಂದು ನಂಬಿದವನು ಕರುಣೆಯಿಂದ ಕೊಡುತ್ತಾನೆ. ಎರಡೂ ದಾರಿ ಒಂದೇ ಕಡೆ ಕೂಡುತ್ತವೆ.

ಹಿರಿಯರ ಕಡೆಯಿಂದ ಗಟ್ಟಿಯಾದ ಒಂದು ಆಕ್ಷೇಪ ಉಂಟು: ಕೆಲಸ ಆಗೋತನಕ ಬಾಯಿ ಬಿಡಬಾರದು, ದೃಷ್ಟಿ ಆಗುತ್ತದೆ. ತಮ್ಮ ಮಗನ ವಿಷಯದಲ್ಲಿ ಈ ಮಾತನ್ನು ನಂಬದ ಮನೆ ಇಲ್ಲ. ಹಾಗಿದ್ದರೆ ದೃಷ್ಟಿಯೂ ಆಗಬಾರದು, ಸುದ್ದಿಯೂ ನಿಲ್ಲಬಾರದು. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವನ್ನು ನಾನು ಮೆಚ್ಚುತ್ತೇನೆ. ಪ್ರತಿಯೊಬ್ಬರಿಗೂ ಹೇಳುವುದು, ಪ್ರತಿಯೊಬ್ಬರಿಗೂ ಗುಟ್ಟಾಗಿ ಹೇಳುವುದು. ‘ನಿಮ್ಮ ಮುಂದಷ್ಟೇ ಅಂದೀನಿ, ಅಕ್ಕಾ. ಯಾರ ಮುಂದೂ ಆಡಬ್ಯಾಡ್ರಿ ಮತ್ತ.’ ಈ ವಾಕ್ಯ ಆಳಂದದಿಂದ ಕಲಬುರಗಿಗೆ ಕೆಂಪು ಬಸ್ಸಿಗಿಂತ ಬೇಗ ಮುಟ್ಟುತ್ತದೆ. ಕೇಳಿದ ಅಕ್ಕನಿಗೆ ತಾನೊಬ್ಬಳೇ ನಂಬಿಗಸ್ಥಳು ಎಂಬ ಅಭಿಮಾನ, ಆ ಅಭಿಮಾನಕ್ಕೆ ತಕ್ಕಂತೆ ಕೈ ಬಿಚ್ಚುವ ಹಂಗು. ಅಮೆರಿಕದವರಿಗೆ ಈ ನಾಜೂಕು ತಿಳಿಯದು. 2025ರ ಜೂನಿನಲ್ಲಿ ಅವರ ರಾಯಭಾರ ಕಚೇರಿ, ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದಿತು. ಮೂರು ತಾಲೂಕಿನ ಯಾವ ಮನೆಯೂ ಅದರಿಂದ ಗಾಬರಿಯಾಗಿರಲಿಕ್ಕಿಲ್ಲ. ಮುಚ್ಚಿಟ್ಟದ್ದು ಅಂತ ಏನಾದರೂ ಇದ್ದರೆ ತಾನೆ?

ಇನ್ನು ಆ ಫೈಲು. ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡಿದರೆ, ಹೊಂಟಾಂವ ಒಬ್ಬನಲ್ಲ, ಒಂದು ಕೂಡುಕುಟುಂಬ ಎಂಬುದು ಖಾತ್ರಿಯಾಗುತ್ತದೆ. ಬ್ಯಾಂಕಿನಲ್ಲಿ ದುಡ್ಡಿದೆ ಎಂದು ತೋರಿಸುವ ಹಾಳೆಗಳಲ್ಲಿ ಅಪ್ಪನದೊಂದು, ದೊಡ್ಡಪ್ಪನದೊಂದು, ಸೋದರಮಾವನ ಎಫ್‌ಡಿ ಒಂದು. ಹೆಸರುಗಳೋ, ಒಂದು ಕಾಗದಕ್ಕೊಂದು. ಇಲ್ಲಿ ಮನುಷ್ಯನ ಹೆಸರಿನ ಮುಂದೆ ‘ತಂದೆ’ ಎಂದು ಬರೆದು ಅಪ್ಪನ ಹೆಸರು, ಅದರಾಚೆ ಮನೆತನದ ಅಡ್ಡಹೆಸರು ಬರೆಯುವ ರೂಢಿ. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರಿದೆ, ಆಧಾರಿನಲ್ಲಿ ಇಲ್ಲ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಅಡ್ಡಹೆಸರಾಗಿ ಕೂತಿದೆ. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರಂತೂ ಅಮೆರಿಕದ ವೀಸಾದಲ್ಲಿ ಹುಡುಗನ ಸ್ವಂತ ಹೆಸರನ್ನು ಅಲ್ಲಿಗೆ ನೂಕಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹೊಡೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಗುರುಗಳನ್ನು ಕರೆಸಿ, ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಹೇಳಿ ಇಟ್ಟ ಹೆಸರು! ಅಪ್ಪನ ಕಾಗದದಲ್ಲಿ ಗುಲ್ಬರ್ಗಾ, ಮಗನದರಲ್ಲಿ 2014ರ ನಂತರದ ಕಲಬುರಗಿ. ಜೇವರ್ಗಿ ಇಂಗ್ಲಿಷಿನಲ್ಲಿ ಒಂದು ಕಚೇರಿಗೆ ವಿ, ಇನ್ನೊಂದಕ್ಕೆ ಡಬ್ಲ್ಯೂ. ಅಫಜಲಪುರಕ್ಕೆ ಝಡ್ ಹಾಕಬೇಕೋ ಜೆ ಹಾಕಬೇಕೋ ಎಂಬುದು ಗುಮಾಸ್ತನ ಆ ದಿನದ ಮರ್ಜಿ. ಅಪ್ಪನ ಹುಟ್ಟಿದ ದಿನ, ಅವನ ಓರಗೆಯ ಅರ್ಧ ಊರಿನಂತೆ, ಜೂನ್ 1. ಶಾಲೆಗೆ ಸೇರಿಸಿಕೊಂಡ ಮಾಸ್ತರರು ದಯಪಾಲಿಸಿದ್ದು. ಕೊನೆಗೆ ನೋಟರಿಯ ಮುಂದೆ ಬಾಂಡ್ ಪೇಪರಿನಲ್ಲಿ ಈ ಎಲ್ಲ ಹೆಸರಿನವರೂ ಒಬ್ಬನೇ ಮನುಷ್ಯ ಎಂದು ಅಫಿಡವಿಟ್ ಮಾಡಿಸಬೇಕು.

ಅದೇ ಫೈಲಿನಲ್ಲಿ ಇನ್ನೊಂದು ಜೋಡಿ ಇದೆ. ಎಂಜಿನಿಯರಿಂಗ್ ಸೀಟಿಗಾಗಿ ಪಡೆದ 371(ಜೆ) ಪ್ರಮಾಣಪತ್ರ: ಇವನು ಇಲ್ಲಿಯವನೇ, ಈ ಭಾಗದವನೇ ಎಂದು ಸಹಾಯಕ ಆಯುಕ್ತರ ಸಹಿ. 2013ರಲ್ಲಿ ಜಾರಿಗೆ ಬಂದ ಆ ಸೌಲಭ್ಯ ಈ ಭಾಗದ ಮಕ್ಕಳಿಗೆ ಇಲ್ಲೇ ಓದು, ಇಲ್ಲೇ ನೌಕರಿ ಸಿಗಲಿ ಎಂದು ಬಂದದ್ದು. ಮೂರೇ ವರ್ಷಕ್ಕೆ ಅದೇ ಹುಡುಗ ಹೈದರಾಬಾದಿನ ವೀಸಾ ಕಿಟಕಿಯ ಮುಂದೆ ನಿಂತು ಮತ್ತೆ ಅದನ್ನೇ ಸಾಬೀತು ಮಾಡಬೇಕು. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮು, ಬಂದವನು ಅಲ್ಲೇ ಬೇರೂರುವವನು ಎಂದು ಮೊದಲೇ ನಂಬಿಕೊಂಡು ಕೂತಿದೆ. ಅಲ್ಲ, ನಾನು ಆಳಂದಕ್ಕೆ ವಾಪಸು ಬರುವವನೇ ಎಂದು ಇವನು ಒಂದೆರಡು ನಿಮಿಷದಲ್ಲಿ ಒಪ್ಪಿಸಬೇಕು. ಬ್ಯಾಂಕಿನಲ್ಲಿ ಬೆಲೆಯಿಲ್ಲದ ಪಹಣಿಗೆ ಇಲ್ಲಿ ಬೆಲೆ ಬರಬಹುದೆಂದು ಮನೆಯವರು ಅದನ್ನೂ ತುರುಕಿ ಕಳಿಸಿರುತ್ತಾರೆ. ಹೊಲ ಬಿಟ್ಟು ಎಲ್ಲಿಗೆ ಹೋಗ್ತಾನ್ರಿ ಹುಡುಗ? ಅಧಿಕಾರಿ ಫೈಲು ಮುಟ್ಟದೆಯೇ ಮಾತು ಮುಗಿಸಿದನೆಂದರೆ ಅಪ್ಪನಿಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚು. ಒಂದೂವರೆ ವರ್ಷ ಕೂಡಿಸಿದ ಕಾಗದ!

ಹೈದರಾಬಾದು ಈ ಮೂರು ತಾಲೂಕಿನವರಿಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಅದೇ ರಾಜಧಾನಿ. ಕಲಬುರಗಿಯಿಂದ ಹೆಚ್ಚೂಕಡಿಮೆ 220 ಕಿಲೊಮೀಟರು. ಬೆಂಗಳೂರು ಅದರ ಎರಡೂವರೆ ಪಟ್ಟು. ಅಮೆರಿಕದ ಕಾನ್ಸುಲೇಟು 2023ರಿಂದ ನಾನಕ್‌ರಾಮ್‌ಗುಡದ ಹೊಸ ಕಟ್ಟಡದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ದೇವರುಗಳ ಸರದಿ. ಗಾಣಗಾಪುರದ ಸಂಗಮದಲ್ಲಿ ಸ್ನಾನ, ಆಳಂದದ ಲಾಡ್ಲೆ ಮಶಾಕರ ದರ್ಗಾದಲ್ಲಿ ಸಕ್ಕರೆ, ಕಲಬುರಗಿಯ ಶರಣಬಸವೇಶ್ವರನಿಗೆ ಕಾಯಿ. ಇವೆಲ್ಲ ಮನೆಯ ದೇವರು, ಹೇಳಿಕೊಂಡರೆ ಸಾಕು. ಆದರೆ ಹೈದರಾಬಾದಿನ ಪಕ್ಕದ ಚಿಲ್ಕೂರು ಬಾಲಾಜಿ ಈ ವಿಷಯದ ತಜ್ಞ. ವೀಸಾ ಬಾಲಾಜಿ ಎಂದೇ ಹೆಸರು. ಅವನ ಪದ್ಧತಿ ನನ್ನ ವಾದಕ್ಕೆ ದೊಡ್ಡ ಬೆಂಬಲ. ಹರಕೆ ಹೊರುವಾಗ 11 ಪ್ರದಕ್ಷಿಣೆ, ಕೆಲಸವಾದ ಮೇಲೆ ಬಂದು 108. ಮುಂಗಡ ಇಷ್ಟು, ಮಂಜೂರಾದ ಮೇಲೆ ಬಾಕಿ ಇಷ್ಟು. ವೀಸಾ ಫೀ 185 ಡಾಲರ್, ಸೆವಿಸ್ ಎಂಬ ನೋಂದಣಿಗೆ 350 ಡಾಲರ್ ಪೂರ್ತಿ ಮೊದಲೇ ಕಟ್ಟಿಸಿಕೊಂಡು, ವೀಸಾ ಕೊಡದಿದ್ದರೂ ಫೀ ತಿರುಗಿ ಕೊಡದ ಸರಕಾರಕ್ಕಿಂತ ಬಾಲಾಜಿಯ ವ್ಯವಹಾರ ಎಷ್ಟೋ ಉದಾರ.

ಇದೆಲ್ಲ ಹೊಲಮನೆ ಇದ್ದವರ ಕತೆ, ಇಲ್ಲದವರು ಹೋಗುವುದೇ ಇಲ್ಲವೆ ಎಂದರೆ, ಹೋಗುತ್ತಾರೆ. ಮತ್ತು ಅವರಿಂದಲೇ ನನ್ನ ಮಾತಿನ ಪರೀಕ್ಷೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪು, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇವೆ. ಈ ದಾರಿಯಲ್ಲಿ ಹೋಗುವವರ ಬಗ್ಗೆ ‘ಹೊಂಟಾನಂತ’ ಎಂಬ ಮಾತು ಹುಟ್ಟುವುದು ಕಡಿಮೆ. ಒಂದು ದಿನ ವಾಟ್ಸಾಪಿನಲ್ಲಿ ಹಿಮದ ಫೋಟೊ ಬಂದಾಗಲೇ ಊರಿಗೆ ಗೊತ್ತು: ಅರೆ, ಇವ ಯಾವಾಗ ಹೋದ? ದುಡ್ಡು ಸರಕಾರದ್ದಾದಾಗ ಸುದ್ದಿಗೆ ಕೆಲಸವೇ ಇಲ್ಲ. 1895ರಲ್ಲಿ ಹೈದರಾಬಾದಿನಿಂದ ಇಂಗ್ಲೆಂಡಿಗೆ ಹೋದ ಸರೋಜಿನಿ, ಮುಂದೆ ಸರೋಜಿನಿ ನಾಯ್ಡು ಆದವರು, ನಿಜಾಮರ ವಿದ್ಯಾರ್ಥಿವೇತನದ ಮೇಲೆ ಹೋದದ್ದು. ಅವರ ಮನೆಯವರು ಬಂಧುಗಳ ಪ್ಲಾಟು ಒತ್ತೆ ಇಡಿಸಬೇಕಾಗಿರಲಿಲ್ಲ. ಬರೇ ಬಡಾಯಿಯೇ ಆಗಿದ್ದರೆ ಸ್ಕಾಲರ್‌ಶಿಪ್ ಸಿಕ್ಕವರ ಮನೆಯಲ್ಲಿ ಸದ್ದು ಹತ್ತು ಪಟ್ಟು ಇರಬೇಕಿತ್ತು, ಬಡಾಯಿಗೆ ನಿಜವಾದ ಹಕ್ಕಿರುವುದು ಅವರಿಗೇ. ಹುಡುಗಿಯರದೂ ಇದೇ ಕತೆ, ತುಸು ಕಹಿಯಾಗಿ. ‘ಹೊಂಟಾಳಂತ’ ಎಂದ ಕೂಡಲೇ ‘ಲಗ್ನ ಮಾಡೇ ಕಳಸ್ತಾರೋ ಹಂಗೇ ಕಳಸ್ತಾರೋ?’ ಎಂಬ ಪ್ರಶ್ನೆ ಬೆನ್ನಿಗೆ ಬರುತ್ತದೆ. ಹೀಗಾಗಿ ಅವಳ ಸುದ್ದಿ ಹಬ್ಬಿಸಲು ಮನೆಯವರು ಹಿಂಜರಿಯುತ್ತಾರೆ. ಸುದ್ದಿ ಹಬ್ಬದೆ ಸಾಲ ಹುಟ್ಟುವುದಿಲ್ಲ. ಅವಳ ಪ್ರೊಸೆಸ್ಸು ಅಲ್ಲಿಗೇ ನಿಲ್ಲುತ್ತದೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ.

ಹೋಗಲೇಬೇಕೇನು, ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಆದ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲವೆ ಎನ್ನುವವರಿದ್ದಾರೆ. ಇದೆ, ಕೇರಳ ಒಡಿಶಾಗಳಿಂದ ಮಕ್ಕಳು ಅಲ್ಲಿಗೆ ಓದಲು ಬರುತ್ತಾರೆ. ಆ ಮಕ್ಕಳ ಊರುಗಳಲ್ಲಿ ಅವರೇ ಹೊಂಟವರು, ಆಳಂದವೇ ವಿಲಾಯತ್ತು. ಪಕ್ಕದ ಊರಿನ ವಿಶ್ವವಿದ್ಯಾಲಯ ಎಷ್ಟೇ ಒಳ್ಳೆಯದಿದ್ದರೂ ಅಲ್ಲಿಗೆ ಸೇರಲು ಸೋದರಮಾವನ ಒಪ್ಪಿಗೆ ಬೇಕಿಲ್ಲವಾದ್ದರಿಂದ ಅದು ಸುದ್ದಿಯಾಗುವುದಿಲ್ಲ, ಅಷ್ಟೆ.

ನನ್ನ ವಾದ ಕುಂಟುವ ಜಾಗ ಒಂದಿದೆ, ಒಪ್ಪಿಕೊಳ್ಳುತ್ತೇನೆ. ವೀಸಾ ರಿಜೆಕ್ಟ್ ಆದವನ ಜಾಗ ಅದು. ಸಾಲವನ್ನಾದರೂ ತಿರುಗಿ ಕೊಡಬಹುದು, ಸುದ್ದಿಯನ್ನು ತಿರುಗಿ ಕರೆಯಲು ದಾರಿ ಇಲ್ಲ. ಫ್ಲೆಕ್ಸು ಕಟ್ಟಿಯಾಗಿದೆ, ಶಾಲು ಹೊದಿಸಿಯಾಗಿದೆ, ಪಾಕೀಟಿನಲ್ಲಿ ಐನೂರೊಂದು ಹಾಕಿಕೊಟ್ಟವರ ಹೆಸರು ಮುಯ್ಯಿಯ ವಹಿಯಲ್ಲಿ ಬರೆದಾಗಿದೆ. ಅವನು ‘ಮುಂದಿನ ಇಂಟೇಕ್’ ಎನ್ನುತ್ತ ಇನ್ನೊಂದು ವರ್ಷ ಹೊಂಟಾಂವನಾಗಿಯೇ ಉಳಿಯುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಎಚ್-1ಬಿ ಎಂಬ ನೌಕರಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದಾಗ ಚಹಾದಂಗಡಿಯ ಕಾಕಾಗಳೆಲ್ಲ ಅವನಿಗೆ ಲೆಕ್ಕ ಹೇಳಿದರು. ಲೆಕ್ಕ ಹೇಳಿದವರಲ್ಲಿ ಅರ್ಧ ಮಂದಿ ಸಾಲ ಕೊಟ್ಟವರು, ಅವರಿಗೆ ಹೇಳುವ ಹಕ್ಕಿತ್ತು. ಇನ್ನರ್ಧ ಮಂದಿ ಏನೂ ಕೊಟ್ಟಿರಲಿಲ್ಲ; ಅವರ ದನಿ ಜೋರಾಗಿತ್ತು.

ವೀಸಾ ಆದವನ ಮನೆಯಲ್ಲಿ ಕೊನೆಯ ವಾರ ಎರಡು ದೊಡ್ಡ ಸೂಟ್‌ಕೇಸುಗಳನ್ನು ಅಡತಿ ಅಂಗಡಿಗೆ ಹೊತ್ತೊಯ್ಯುತ್ತಾರೆ. ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ 23 ಕಿಲೊ. ಊರಲ್ಲಿ ನಂಬುವಂಥ ಕಾಂಟಾ ಇರುವುದು ಅಲ್ಲೊಂದೇ. ತೊಗರಿ ಚೀಲ ಕೂತೇಳುವ ತಟ್ಟೆಯ ಮೇಲೆ ನೀಲಿ ಸೂಟ್‌ಕೇಸು ಕೂಡುತ್ತದೆ. 26 ಕಿಲೊ, ಮುನ್ನೂರು ಗ್ರಾಂ. ಅಲ್ಲೇ ಜಿಪ್ಪು ಬಿಚ್ಚುತ್ತಾರೆ. ಹಳೆ ಧೋತರದಲ್ಲಿ ಸುತ್ತಿದ ಖಡಕ್ ರೊಟ್ಟಿ, ಅತ್ತೆ ಕೊಟ್ಟ ಶೇಂಗಾ ಹಿಂಡಿ, ದೊಡ್ಡವ್ವ ಕೊಟ್ಟ ಅಗಸಿ ಹಿಂಡಿ, ಸೋದರಮಾವನ ಮನೆಯ ಗುರೆಳ್ಳು ಹಿಂಡಿ, ಎಣ್ಣೆ ಒಸರುವ ಉಪ್ಪಿನಕಾಯಿ, ಕುಕ್ಕರು, ಕುಕ್ಕರಿನ ಒಳಗೆ ತೊಗರಿಬೇಳೆ. ಮೂರು ಕಿಲೊ ಮುನ್ನೂರು ಗ್ರಾಂ ಇಳಿಸಬೇಕು. ಯಾರದನ್ನು ಇಳಿಸುವುದು? ಪುಸ್ತಕಗಳನ್ನು ಇಳಿಸುತ್ತಾರೆ. ಹಿಂಡಿಯ ಡಬ್ಬಿಗಳನ್ನು ಮುಟ್ಟುವುದಿಲ್ಲ. ಪ್ಲಾಟಿನ ಕಾಗದ ಕೊಟ್ಟ ಮಾವನ ಗುರೆಳ್ಳು ಹಿಂಡಿ ಬಿಟ್ಟು ಹೋಗಲು ಯಾವ ಹುಡುಗನಿಗೆ ಧೈರ್ಯವಿದೆ?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಫಜಲಪುರದ ಬಸ್ಸಿನಲ್ಲಾಗಲಿ ಜೇವರ್ಗಿಯ ಲಗ್ನದ ಪಂಕ್ತಿಯಲ್ಲಾಗಲಿ ಪ್ಲಾಸ್ಟಿಕ್ ಫೈಲಿನ ಹುಡುಗ ಪಕ್ಕಕ್ಕೆ ಬಂದು ಕೂತರೆ, ‘ಯಾವಾಗ ಹೊಂಟೀಯಪ್ಪಾ?’ ಎಂದು ಕೇಳಬೇಡಿ. ಅದಕ್ಕೆ ಅವನ ಹತ್ತಿರ ಉತ್ತರವಿಲ್ಲ. ‘ಎಷ್ಟು ಕಮ್ಮಿ ಬಿದ್ದದಪ್ಪಾ?’ ಎಂದು ಕೇಳಿ. ಅಂಕಿ ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಕೇಳುವ ಮುಂಚೆ ನಿಮ್ಮ ಜೇಬು ಒಮ್ಮೆ ಮುಟ್ಟಿ ನೋಡಿಕೊಳ್ಳಿ.